ಟಿಪ್ ಕಡ್ಡಾಯವಲ್ಲ, ಆದರೆ ಹೊತ್ತು ಮೀರಬೇಡಿ
ಫ್ರಾನ್ಸಿನ ಬ್ರೆಸ್ ಸೀಮೆಯ ವೊನಾ ಊರಿನ ಊಟದ ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ ಅದರಲ್ಲಿ ಬಿಲ್ಲಿನ ಮೇಲೆ ಶೇ 10 ಟಿಪ್ ಕೊಡಲೇಬೇಕು ಎಂದಿರುವುದು ತಪ್ಪು. ಫ್ರಾನ್ಸಿನಲ್ಲಿ ಸರ್ವೀಸ್ ಚಾರ್ಜ್ ದರದಲ್ಲೇ ಸೇರಿರುತ್ತದೆ. ಖುಷಿಯಾದರೆ ಕೊಡಿ, ಅಷ್ಟೆ. ನೀರಿಗೂ ದುಡ್ಡು ಕೊಡಬೇಕಿಲ್ಲ: 'ಕರಾಫ್ ದೋ' (ಹೂಜಿ ನೀರು) ಎಂದು ಕೇಳಿದರೆ ನಲ್ಲಿ ನೀರು ಪುಕ್ಕಟೆ. ಸುಮ್ಮನೆ 'ವಾಟರ್' ಎಂದರೆ ಬಾಟಲಿ ತಂದಿಟ್ಟು ಬಿಲ್ಲಿಗೆ ಸೇರಿಸಬಹುದು.

ಇನ್ನೊಂದು ಎಡವಟ್ಟು ಪದಗಳದ್ದು. ಅಲ್ಲಿ 'ಮೆನ್ಯು' ಎಂದರೆ ನಿಗದಿತ ದರದ ಪೂರ್ತಿ ಊಟ, ತಿನಿಸುಗಳ ಪಟ್ಟಿಗೆ 'ಕಾರ್ತ್' ಎನ್ನುತ್ತಾರೆ. 'ಆಂತ್ರೆ' ಎಂದರೆ ಮೊದಲ ತಿನಿಸು, ಅಮೆರಿಕದವರ ಹಾಗೆ ಮುಖ್ಯ ತಿನಿಸಲ್ಲ. ಕಡಿಮೆ ಖರ್ಚಿನಲ್ಲಿ ರುಚಿ ನೋಡಬೇಕಿದ್ದರೆ ವಾರದ ದಿನದ ಮಧ್ಯಾಹ್ನದ ಮೆನ್ಯುವೇ ಸರಿ. ಸಣ್ಣ ಊರುಗಳಲ್ಲಿ 1:30 ದಾಟಿದರೆ ಅಡುಗೆಮನೆ ಮುಚ್ಚಿದಂತೆಯೇ. ರಾತ್ರಿಯೂಟ ಮೂರು ಗಂಟೆ ಹಿಡಿಯುತ್ತದೆ, ಹತ್ತಿರದ ಪಟ್ಟಣ ಮಾಕೋಂಗೆ ವಾಪಸ್ ರೈಲು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ತಿಳಿಸಬೇಕು, ಮೇಜಿಗೆ ಕೂತ ಮೇಲಲ್ಲ. ಮಾಂಸ ತೆಗೆದರಷ್ಟೇ ಸಾಲದು: ಸಾಸನ್ನು ಹೆಚ್ಚಾಗಿ ಮೂಳೆ ಬೇಯಿಸಿದ ರಸದಿಂದಲೇ ಮಾಡಿರುತ್ತಾರೆ, ಸಿಹಿತಿನಿಸಿನಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರಬಹುದು. ಫ್ರಾನ್ಸಿನ ಕೊಂತೆ ಚೀಸ್‌ಗೆ ಹೆಪ್ಪು ಹಾಕುವುದೂ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಪದಾರ್ಥದಿಂದ. ಇದನ್ನು ಎಷ್ಟೋ ಮಂದಿ ಕೇಳುವುದೇ ಇಲ್ಲ.