ಫಿನಾಲೆ ಬಿಟ್ಟು ಹೊಸದಕ್ಕೆ ಹೋಗಬೇಕೇ?

ಪರ: ಹೆಣಕ್ಕೆ ಸಿಂಗಾರ ಸಾಕು

1988ರಿಂದ ಸ್ಕೋರ್ (ಸಂಗೀತದ ಸ್ವರಲಿಪಿ) ಬರೆಸಿಕೊಂಡು ಬಂದ ಫಿನಾಲೆ ಎಂಬ ಕಂಪ್ಯೂಟರ್ ಪ್ರೋಗ್ರಾಂ ಅನ್ನು 2024ರ ಆಗಸ್ಟ್‌ನಲ್ಲಿ ಮೇಕ್‌ಮ್ಯೂಸಿಕ್ ಕಂಪನಿಯೇ ನಿಲ್ಲಿಸಿತು. ಇನ್ನು ಅಪ್‌ಡೇಟ್ ಇಲ್ಲ, ರಿಪೇರಿಯೂ ಇಲ್ಲ. ಆದರೂ ‘ನನ್ನ ಕಂಪ್ಯೂಟರಲ್ಲಿ ಓಡ್ತಿದೆಯಲ್ಲ’ ಅನ್ನುವವರಿದ್ದಾರೆ. ಓಡುತ್ತೆ, ಆಪರೇಟಿಂಗ್ ಸಿಸ್ಟಮ್ ಕೈಕೊಡುವವರೆಗೆ.

ನನಗೆ ಈ ಪೆಟ್ಟು ಹಿಂದೆಯೇ ಬಿದ್ದಿದೆ. ಬೇರೊಂದು ಹಳೆಯ ಪ್ರೋಗ್ರಾಂನಲ್ಲಿ, ಹೆಸರು ಬೇಡ, ನಾಲ್ಕು ವಾದ್ಯಗಳಿಗೆ ಬರೆದ ನಲವತ್ತು ಪುಟ ಇತ್ತು. ಕಂಪ್ಯೂಟರ್ ಬದಲಾಯಿಸಿದೆ. ಫೈಲಿನ ಹೆಸರು ಕಾಣುತ್ತೆ, ತಾರೀಖೂ ಕಾಣುತ್ತೆ, ತೆರೆಯುವ ದಾರಿಯಿಲ್ಲ. ಕೊನೆಗೆ ಸಿಕ್ಕಿದ್ದು ಸೆಲ್ಲೋದವರ ಚೀಲದಲ್ಲಿ ಮಡಚಿಟ್ಟ ಒಂದು ಪಾರ್ಟ್, ಅಂದರೆ ಆ ಒಂದೇ ವಾದ್ಯದ ಹಾಳೆ ಮಾತ್ರ. ಅದರಲ್ಲೂ ನನಗೆ ಬಹಳ ಇಷ್ಟವಾಗಿದ್ದ ಹದಿನೆಂಟು ಬಾರ್ (ತಾಳದ ಸುತ್ತು) ಸೆಲ್ಲೋಗೆ ವಿರಾಮ. ಒಂದು ದಪ್ಪ ಗೆರೆ, ಮೇಲೆ 18 ಎಂಬ ಅಂಕಿ. ಅಷ್ಟೇ ಉಳಿದಿದ್ದು.

ಫಿನಾಲೆ ತೆರೆಯುತ್ತಿರುವಾಗಲೇ ಎಲ್ಲವನ್ನೂ ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ಸ್ವರಲಿಪಿ ಪ್ರೋಗ್ರಾಂಗಳೂ ಓದಬಲ್ಲ ಫೈಲ್) ಮಾಡಿ ತೆಗೆದಿಡಿ, ಜತೆಗೊಂದು ಪಿಡಿಎಫ್ ಇರಲಿ. ಇದೇ ಕೆಲಸದ ಡೊರಿಕೊ 2016ರಲ್ಲಿ ಬಂತು, ಸಿಬೆಲಿಯಸ್ ಎಂಬ ಇಂಥದ್ದೇ ಪ್ರೋಗ್ರಾಂನ ಹಳೆಯ ತಂಡದವರೇ ಕಟ್ಟಿದ್ದು. ಮ್ಯೂಸ್‌ಸ್ಕೋರ್ ಎಂಬ ಇನ್ನೊಂದಂತೂ ಪುಕ್ಕಟೆ. ಸ್ಲರ್ (ಸ್ವರಗಳನ್ನು ಜೋಡಿಸುವ ಕಮಾನು ಗೆರೆ) ಎರಡು ಮಿಲಿಮೀಟರ್ ಜರುಗಿತು ಎಂದು ಅಳುವವರಿಗೆ ಏನು ಹೇಳಲಿ? ಫೈಲೇ ತೆರೆಯದಿದ್ದರೆ ಸ್ಲರ್ ಎಲ್ಲಿದ್ದರೇನು?

ವಿರೋಧ: ಇನ್ನೊಂದಿಷ್ಟು ದಿನ ಇರಲಿ

ಇಬ್ಬರ ಈ ಚರ್ಚೆಯಲ್ಲಿ ವಿರೋಧದ ಪಕ್ಷ ನನ್ನ ಪಾಲಿಗೆ ಬಂತು. ನಿಜ ಹೇಳಬೇಕೆಂದರೆ ನನ್ನ ಲ್ಯಾಪ್‌ಟಾಪಲ್ಲೂ ಡೊರಿಕೊ ಬಂದು ಕೂತಿದೆ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ.

ಮ್ಯೂಸಿಕ್‌ಎಕ್ಸ್‌ಎಂಎಲ್ ಸ್ವರಗಳನ್ನೇನೋ ದಾಟಿಸುತ್ತೆ, ಪುಟದ ಅಂದ ದಾರಿಯಲ್ಲಿ ಸೋರುತ್ತೆ. ನೂರು ಸ್ಕೋರ್ ಇಟ್ಟುಕೊಂಡವರು ನೂರನ್ನೂ ಕೂತು ತಿದ್ದಬೇಕು.

ಇನ್ನು ಬೆರಳಿನ ಕಥೆ. ಫಿನಾಲೆಯ ಸ್ಪೀಡಿ ಎಂಟ್ರಿಯಲ್ಲಿ (ಕೀಲಿ ಒತ್ತಿ ಬೇಗ ಸ್ವರ ತುಂಬುವ ವಿಧಾನ) 5 ಒತ್ತಿದರೆ ಕ್ವಾರ್ಟರ್ ನೋಟ್. ಡೊರಿಕೊದಲ್ಲಿ ಅದೇ 5 ಎಯ್ತ್ ನೋಟ್, ಅಂದರೆ ಅದರ ಅರ್ಧ ಕಾಲದ ಸ್ವರ; ಕ್ವಾರ್ಟರ್ ಬೇಕಾದರೆ 6. ಗೊತ್ತಿಲ್ಲದ್ದೇನಲ್ಲ, ಬೆರಳು ಕೇಳಬೇಕಲ್ಲ. ಮೊನ್ನೆ ಒಂದು ವಾಲ್ಟ್ಸ್ ಹಾಕುತ್ತಾ ಹೋದೆ. ತಲೆಯೆತ್ತಿ ನೋಡಿದರೆ ಹದಿನಾರು ಬಾರಿನ ಮಟ್ಟು ಎಂಟೇ ಬಾರಲ್ಲಿ ಮುಗಿದು ಕೂತಿತ್ತು. ಕಾರ್ಯಕ್ರಮ ಎದುರಿಗಿರುವಾಗ ಈ ಆಟ ಬೇಡ.

ಫೈಲ್ ಸಾಯುತ್ತೆ ಅನ್ನುವ ಭಯ ಇದ್ದವರು ಹಳೆಯ ಕಂಪ್ಯೂಟರನ್ನು ಎಸೆಯದಿದ್ದರಾಯಿತು. ನನ್ನದರ ಬ್ಯಾಟರಿ ಉಬ್ಬಿದೆ, ಅದು ಬೇರೆ ಮಾತು.