ಕೈಗಾ ಘಟಕ 962 ದಿನ ತಪಾಸಣೆ ಇಲ್ಲದೆ ಓಡಿತೇ?

‘ದಾಖಲೆಗಾಗಿ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕವನ್ನು 962 ದಿನ ನಿಲ್ಲಿಸದೆ ಓಡಿಸಿದರು, ಅಷ್ಟೂ ದಿನ ತಪಾಸಣೆಯೇ ಇರಲಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಓಡಿದ್ದು ನಿಜ: 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ. ತಪಾಸಣೆ ಇರಲಿಲ್ಲ ಅನ್ನೋದು ತಪ್ಪು.

ಇದು ಭಾರಜಲ ರಿಯಾಕ್ಟರ್, ಅಂದರೆ ಸಾಮಾನ್ಯ ನೀರಿನ ಬದಲು ಭಾರಜಲ (ಹೆವಿ ವಾಟರ್) ಬಳಸುವಂಥದ್ದು. ಇಂಧನ ಬದಲಿಸಲು ನಿಲ್ಲಿಸಬೇಕಿಲ್ಲ, ಓಡುತ್ತಿರುವಾಗಲೇ ಬದಲಿಸುತ್ತಾರೆ. ಸುರಕ್ಷತಾ ವ್ಯವಸ್ಥೆಗಳನ್ನು, ತುರ್ತು ಡೀಸೆಲ್ ಜನರೇಟರ್‌ಗಳನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಲೇಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ತಪಾಸಣೆಗೂ ಘಟಕ ನಿಂತಿರಬೇಕೆಂದೇನಿಲ್ಲ. ನಿಲ್ಲಿಸಿಯೇ ನೋಡಬೇಕಾದ ಭಾಗಗಳೂ ಇವೆ. ಡಿಸೆಂಬರ್ 31ರಂದು ನಿಲ್ಲಿಸಿದ್ದೇ ಅಂಥ ತಪಾಸಣೆಗೆ, ದುರಸ್ತಿಗೆ.

ಆ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯ ಇಲ್ಲ ಎಂದು 2012ರಲ್ಲಿ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯಾದ ಸಿಎಜಿಯ ವರದಿಯೇ ಹೇಳಿತ್ತು. ಅದನ್ನು ಜೋರಾಗಿಯೇ ಕೇಳಬೇಕು ಅಲ್ವಾ? ಸುಳ್ಳು ಸಂದೇಶದಿಂದ ಕಾರವಾರ, ಯಲ್ಲಾಪುರದ ಜನರಿಗೆ ಸುಮ್ನೆ ಭಯವಷ್ಟೇ ಜಾಸ್ತಿಯಾಗುತ್ತದೆ.