ಕಲ್ಲಿನಲ್ಲಿ ಓಡುವ ಶಬ್ದ ಗೋಡೆ ಮುಂದೆ ಯಾಕೆ ನಿಲ್ಲುತ್ತೆ?

ನಮ್ಮ ಹಾಸನ ಜಿಲ್ಲೆಯ ಆಲೂರು ಕಡೆಯ ಒಂಬತ್ತನೇ ತರಗತಿ ಹುಡುಗನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಶಬ್ದದ ವೇಗ ಹೇಳುತ್ತಾನೆ. ಗಾಳಿಯಲ್ಲಿ ಸೆಕೆಂಡಿಗೆ 346 ಮೀಟರ್, ನೀರಿನಲ್ಲಿ 1,498, ಉಕ್ಕಿನಲ್ಲಿ 5,960. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಕೋಷ್ಟಕ ಇದೆ, ಅವನು ಬಾಯಿಪಾಠ ಮಾಡಿದ್ದಾನೆ. ನಾನು ಈಗ ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಶಬ್ದದ ಪಾಠ ಬರುವುದು ಇಯರ್ ಫೋರ್‌ನಲ್ಲಿ, ಅಂದರೆ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ. ಶಬ್ದ ಅಂದರೆ ಕಂಪನ, ಅದು ಯಾವುದಾದರೂ ವಸ್ತುವಿನ ಮೂಲಕ ಕಿವಿಗೆ ಬರುತ್ತದೆ, ದೂರ ಹೋದಷ್ಟೂ ಸಣ್ಣದಾಗುತ್ತದೆ. ಇಷ್ಟು ಗೊತ್ತಾದರೆ ಸಾಕು. ಒಂದು ಅಂಕಿಯನ್ನೂ ಯಾರೂ ಕೇಳುವುದಿಲ್ಲ.

ಎರಡೂ ಕಡೆಯ ಮಕ್ಕಳ ವಯಸ್ಸು ಬೇರೆ, ಸರಿ. ಆದರೂ ಎರಡೂ ಪಾಠ ಹತ್ತಿರದಿಂದ ನೋಡಿದ ಮೇಲೆ ನನಗೆ ಒಂದು ವಿಷಯ ಕಾಡುತ್ತಿದೆ. ಎರಡೂ ಕಡೆ ಮಕ್ಕಳು ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡೂ ಕಡೆ ಪಾಠ ಆ ಜಾಗವನ್ನು ಸುತ್ತುಹಾಕಿ ಮುಂದೆ ಹೋಗಿಬಿಡುತ್ತದೆ.

ಮೊದಲು ಇಲ್ಲಿಯದು. ಮಗಳ ಶಾಲೆಯಲ್ಲಿ ಒಂದು ಬಜರ್ ತಂದು ರಟ್ಟಿನ ಡಬ್ಬಿಯೊಳಗೆ ಇಟ್ಟರು. ಅದನ್ನು ಒಮ್ಮೆ ಬಟ್ಟೆಯಲ್ಲಿ, ಒಮ್ಮೆ ಗುಳ್ಳೆ ಪ್ಲಾಸ್ಟಿಕ್‌ನಲ್ಲಿ, ಒಮ್ಮೆ ಅಡುಗೆಮನೆಯ ಫಾಯಿಲ್‌ನಲ್ಲಿ, ಒಮ್ಮೆ ಹತ್ತಿಯಲ್ಲಿ ಸುತ್ತಿದರು. ಯಾವುದು ಶಬ್ದವನ್ನು ಜಾಸ್ತಿ ತಡೆಯುತ್ತದೆ ಎಂದು ಅಳೆಯಬೇಕು. ಸುತ್ತುವ ವಸ್ತು ಒಂದು ಬಿಟ್ಟು ಬೇರೇನೂ ಬದಲಾಗಬಾರದು. ಅದೇ ಡಬ್ಬಿ, ಅದೇ ದೂರ, ಅದೇ ಸಂಖ್ಯೆಯ ಸುತ್ತು. ಇದಕ್ಕೆ ಇವರು ಫೇರ್ ಟೆಸ್ಟ್ ಅನ್ನುತ್ತಾರೆ. ಶುರು ಮಾಡುವ ಮೊದಲು ಪ್ರತಿ ಮಗುವೂ ಹಾಳೆಯ ಮೇಲೆ ಬರೆಯಬೇಕು: ಏನಾಗುತ್ತೆ ಅಂತ ನಿನಗೆ ಅನ್ನಿಸುತ್ತೆ, ಯಾಕೆ?

ಈ ಕೊನೆಯದು ನನಗೆ ತುಂಬಾ ಇಷ್ಟ. ಊಹೆ ತಪ್ಪಾದರೆ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ. ಆದರೆ ಪಾಠ ಮುಗಿಸಿ ಮನೆಗೆ ಬಂದ ಮಗಳ ತಲೆಯಲ್ಲಿ ಉಳಿದದ್ದೇನು? ವಸ್ತುಗಳು ಶಬ್ದವನ್ನು ತಿಂದುಹಾಕುತ್ತವೆ ಅನ್ನುವುದಷ್ಟೇ. ಕೆಲವು ಜಾಸ್ತಿ, ಕೆಲವು ಕಮ್ಮಿ. ಅದೇ ವಸ್ತುಗಳು ಶಬ್ದವನ್ನು ಹೊತ್ತೊಯ್ಯುತ್ತವೆ ಅನ್ನುವ ಅರ್ಧ ಕಥೆ ಆ ಡಬ್ಬಿಯೊಳಗೇ ಉಳಿಯಿತು.

ಊರಿನಲ್ಲಿ ಇದರ ಉಲ್ಟಾ. ನನ್ನ ಅಕ್ಕ ಆಲೂರು ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಅವಳ ತರಗತಿಯಲ್ಲಿ ಶಬ್ದ ಓಡುತ್ತದೆ, ಎಲ್ಲೂ ನಿಲ್ಲುವುದೇ ಇಲ್ಲ. ಅನಿಲದಲ್ಲಿ ನಿಧಾನ, ದ್ರವದಲ್ಲಿ ಜೋರು, ಘನದಲ್ಲಿ ಇನ್ನೂ ಜೋರು. ಯಾಕೆ ಎಂದು ಕೇಳಿದರೆ ಗೈಡಿನಿಂದ ಬಂದ ಉತ್ತರ ಮಕ್ಕಳ ಬಾಯಲ್ಲಿ ರೆಡಿ ಇರುತ್ತದೆ: ಸಾಂದ್ರತೆ ಜಾಸ್ತಿ ಇದ್ದಷ್ಟೂ ವೇಗ ಜಾಸ್ತಿ.

ತಮಾಷೆ ಏನೆಂದರೆ ಅದೇ ಪುಸ್ತಕದ ಅದೇ ಕೋಷ್ಟಕ ಈ ಉತ್ತರವನ್ನು ಸುಳ್ಳು ಮಾಡುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಎಷ್ಟೋ ಹಗುರ, ಅದರಲ್ಲಿ ವೇಗ 6,420. ಹಿತ್ತಾಳೆ ಕಬ್ಬಿಣಕ್ಕಿಂತ ಭಾರ, ಅದರಲ್ಲಿ 4,700 ಮಾತ್ರ. ಹೀಲಿಯಂ ಗಾಳಿಗಿಂತ ಹಗುರ, ಆದರೆ ಗಾಳಿಯಲ್ಲಿ 346 ಇದ್ದರೆ ಹೀಲಿಯಂನಲ್ಲಿ 965. ಭಾರ ಹೆಚ್ಚಾದರೆ ಶಬ್ದ ನಿಧಾನವೇ ಆಗಬೇಕು, ಯಾಕೆಂದರೆ ಭಾರದ ಕಣವನ್ನು ಅಲುಗಿಸುವುದು ಕಷ್ಟ. ಘನವಸ್ತು ಗೆಲ್ಲುವುದು ಅದರ ಬಿಗಿಯಿಂದ. ಒಂದು ಕಣ ಅಲುಗಿದರೆ ಪಕ್ಕದ್ದನ್ನು ತಕ್ಷಣ ಎಳೆಯುತ್ತದೆ, ತಳ್ಳುತ್ತದೆ. ಉಕ್ಕು ಗಾಳಿಗಿಂತ ಸಾವಿರಾರು ಪಟ್ಟು ಭಾರ, ಆದರೆ ಅದರ ಬಿಗಿ ಅದಕ್ಕಿಂತಲೂ ಎಷ್ಟೋ ಪಾಲು ಜಾಸ್ತಿ. ರಬ್ಬರ್ ಕೂಡ ಘನವೇ ಅಲ್ವಾ? ಮೆತ್ತಗಿನ ರಬ್ಬರಿನಲ್ಲಿ ಶಬ್ದ ಗಾಳಿಗಿಂತ ನಿಧಾನ ಹೋಗುವುದೂ ಉಂಟು.

ಇಷ್ಟು ಒಳ್ಳೆಯ ಕೋಷ್ಟಕ ಕೈಯಲ್ಲಿಟ್ಟುಕೊಂಡು ಅದನ್ನು ಒಂದು ಅಂಕದ ಪ್ರಶ್ನೆಗೆ ಖರ್ಚು ಮಾಡುತ್ತೇವಲ್ಲ, ಅದು ನನಗೆ ಬೇಜಾರು. ಅಂಕಿಗಳೇ ಬೇಡ ಅನ್ನುವ ಇಲ್ಲಿನ ಫ್ಯಾಷನ್ನೂ ನನಗೆ ಒಪ್ಪಿಗೆಯಿಲ್ಲ. ಸಕಲೇಶಪುರದಲ್ಲಿ ಏಪ್ರಿಲ್ ಸಂಜೆ ಗುಡುಗು ಶುರುವಾದಾಗ, ಮಿಂಚಿನಿಂದ ಗುಡುಗಿಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂದು ಗೊತ್ತಾಗುತ್ತದೆ. ಎಂಟು ವರ್ಷದ ಮಗುವಿಗೆ ಇದು ಬಾರದ ಲೆಕ್ಕವೇನಲ್ಲ.

ಈಗ ಎರಡೂ ಕಡೆ ಸಿಕ್ಕಿಹಾಕಿಕೊಳ್ಳುವ ಜಾಗಕ್ಕೆ ಬರೋಣ. ಅಕ್ಕನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳಂತೆ: "ಮಿಸ್, ಗಟ್ಟಿ ವಸ್ತುವಲ್ಲಿ ಶಬ್ದ ಚೆನ್ನಾಗಿ ಹೋಗುತ್ತೆ ಅಂತೀರ. ಮತ್ತೆ ಗೋಡೆ ಇದ್ರೆ ಪಕ್ಕದ ಕ್ಲಾಸಿನ ಗಲಾಟೆ ಯಾಕೆ ಕಮ್ಮಿ ಕೇಳುತ್ತೆ?"

ನನ್ನ ಪ್ರಕಾರ ಇಡೀ ಪಾಠ ಇಲ್ಲಿಂದ ಶುರುವಾಗಬೇಕು. ಅಕ್ಕ ಪ್ರಾಮಾಣಿಕವಾಗಿ ಹೇಳಿದಳು: "ಒಳ್ಳೆ ಪ್ರಶ್ನೆ ಕಣೋ, ಆದ್ರೆ ಪೋರ್ಷನ್ ಮುಗಿಸ್ಬೇಕಿತ್ತು. ಆಮೇಲೆ ಹೇಳ್ತೀನಿ ಅಂದೆ." ಅವಳನ್ನು ದೂರುವ ಹಾಗಿಲ್ಲ. ಮಗಳ ಶಾಲೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಯಾಕೆಂದರೆ ಗಟ್ಟಿ ವಸ್ತುವಿನಲ್ಲಿ ಶಬ್ದ ಓಡುತ್ತದೆ ಎಂದು ಅಲ್ಲಿ ಯಾರೂ ಒತ್ತಿ ಹೇಳಿಲ್ಲ.

ಉತ್ತರ ಕಷ್ಟದ್ದಲ್ಲ. ಒಳಗೆ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದು ಒಂದು ಮಾತು, ಒಳಗೆ ಎಷ್ಟು ನುಗ್ಗುತ್ತದೆ ಅನ್ನುವುದು ಬೇರೆ ಮಾತು. ಗಾಳಿಯಲ್ಲಿ ಬಂದ ಶಬ್ದ ಕೆರೆಯ ನೀರಿಗೆ ಬಡಿದರೆ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಒಳಗೆ ಹೋಗುತ್ತದೆ. ಉಳಿದದ್ದೆಲ್ಲ ವಾಪಸ್. ಕಲ್ಲಿಗೆ ಬಡಿದರೆ ಇನ್ನೂ ಕಮ್ಮಿ. ಹಗುರದ ಗಾಳಿಗೆ ಭಾರದ, ಬಿಗಿಯಾದ ಕಲ್ಲನ್ನು ಅಲುಗಿಸುವ ತಾಕತ್ತಿಲ್ಲ. ಗೋಡೆ ಇಡಿಯಾಗಿ ಒಂಚೂರು ಅಲುಗಿದರೆ ಆಚೆ ಕಡೆ ಒಂಚೂರು ಕೇಳುತ್ತದೆ. ಗೋಡೆ ದಪ್ಪವಾದಷ್ಟೂ ಅದೂ ಕಮ್ಮಿ. ಆದರೆ ಅದೇ ಗೋಡೆಗೆ ಆಚೆಯಿಂದ ಯಾರಾದರೂ ಮೊಳೆ ಹೊಡೆಯಲಿ, ಈಚೆ ಕಿವಿ ಇಟ್ಟವನಿಗೆ ಚೆನ್ನಾಗಿ ಕೇಳುತ್ತದೆ. ಶಬ್ದ ಅಲ್ಲಿ ಕಲ್ಲಿನಲ್ಲೇ ಹುಟ್ಟಿತು, ಒಳಗೆ ನುಗ್ಗುವ ಕಷ್ಟವೇ ಇಲ್ಲ.

ನಮ್ಮ ಹಳೆಯ ಹೆಂಚಿನ ಶಾಲೆಗಳಲ್ಲಿ ಇನ್ನೊಂದು ಮಜಾ ಇದೆ. ನಡುಗೋಡೆ ಹೆಂಚಿನವರೆಗೆ ಹೋಗಿರುವುದಿಲ್ಲ. ಮೇಲೆ ಬಿಟ್ಟ ಜಾಗದಿಂದ ಪಕ್ಕದ ಕ್ಲಾಸಿನ ಮಗ್ಗಿ ಪೂರ್ತಿ ಈಚೆ ಇಳಿಯುತ್ತದೆ. ಅಂಥ ಶಾಲೆಯ ಮಕ್ಕಳಿಗೆ ಗೋಡೆಯಿಂದ ಬಂದದ್ದೆಷ್ಟು, ಗಾಳಿಯಲ್ಲಿ ಬಂದದ್ದೆಷ್ಟು ಎಂದು ಬೇರೆ ಮಾಡಿ ತೋರಿಸುವುದು ಇಂಗ್ಲೆಂಡಿನ ಕಾರ್ಪೆಟ್ ಹಾಕಿದ ಕ್ಲಾಸಿಗಿಂತ ಸುಲಭ.

ಈ ಸಲ ಊರಿಗೆ ಹೋದಾಗ ಅಕ್ಕನ ಮನೆಯ ಜಗಲಿಯಲ್ಲಿ ಮಗಳು ಮತ್ತು ಅಕ್ಕನ ಮಗ ಇಬ್ಬರನ್ನೂ ಕೂರಿಸಿಕೊಂಡು ಸಾರಿನ ಸೌಟಿನ ಆಟ ಆಡಿಸಿದೆ. ಹೂ ಕಟ್ಟುವ ದಾರದ ನಡುವೆ ಸ್ಟೀಲ್ ಸೌಟು ಕಟ್ಟುವುದು. ದಾರದ ಎರಡು ತುದಿಯನ್ನು ಎರಡು ತೋರುಬೆರಳಿಗೆ ಸುತ್ತಿ, ಬೆರಳನ್ನು ಕಿವಿಗೆ ಒತ್ತಿಕೊಂಡು, ಸೌಟನ್ನು ಬೆಂಚಿನ ಅಂಚಿಗೆ ತಾಗಿಸುವುದು. ಹೊರಗೆ ನಿಂತವರಿಗೆ ಸುಮ್ನೆ ಟಿಣ್ ಅನ್ನುತ್ತದೆ. ಕಿವಿಯಲ್ಲಿ ಬೆರಳಿಟ್ಟವರಿಗೆ ದೇವಸ್ಥಾನದ ದೊಡ್ಡ ಗಂಟೆ ಹೊಡೆದ ಹಾಗೆ, ಢಣ್ ಎಂದು ಶುರುವಾಗಿ ತುಂಬಾ ಹೊತ್ತು ಎಳೆಯುತ್ತದೆ.

ಮಗಳು ಅಭ್ಯಾಸಬಲದಿಂದ ಮೊದಲು ಊಹೆ ಬರೆಯೋಣ ಅಂದಳು. ಅಕ್ಕನ ಮಗ ನಕ್ಕ. "ಇದಕ್ಕೆಲ್ಲ ಬರೀಬೇಕಾ ಮಾವ?" ಬರೆಸಿದೆ. ದಾರದ ಬದಲು ಉಲ್ಲನ್ ನೂಲು ಹಾಕಿದರೆ ಏನಾಗುತ್ತೆ? ರಬ್ಬರ್ ಬ್ಯಾಂಡುಗಳನ್ನು ಪೋಣಿಸಿದರೆ? ಅವನ ಊಹೆ, ರಬ್ಬರ್ ಘನ, ಹಾಗಾಗಿ ಚೆನ್ನಾಗಿ ಕೇಳುತ್ತದೆ. ಅವಳ ಊಹೆ, ಉಲ್ಲನ್ ಶಬ್ದ ತಿನ್ನುತ್ತದೆ, ರಬ್ಬರ್ ಗೊತ್ತಿಲ್ಲ. ರಬ್ಬರಿನಲ್ಲಿ ಹೆಚ್ಚುಕಮ್ಮಿ ಏನೂ ಕೇಳಲಿಲ್ಲ. ಅವನು ಸೌಟನ್ನು ಮತ್ತೆ ಮತ್ತೆ ಬಡಿದ. ಆಮೇಲೆ ಹಳೆ ದಾರಕ್ಕೇ ಕಟ್ಟಿ, ಯಾರೂ ಹೇಳಿಕೊಡದೆ ದಾರವನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕಿವಿ ಮುಚ್ಚಿಕೊಂಡ. ಅವನ ಮುಖ ನೋಡಬೇಕಿತ್ತು. ಶಬ್ದ ಹಲ್ಲಿನಿಂದ ದವಡೆಗೆ, ಅಲ್ಲಿಂದ ಒಳಕಿವಿಗೆ ಹೋಗಿತ್ತು. ನಮ್ಮದೇ ದನಿ ರೆಕಾರ್ಡಿಂಗ್‌ನಲ್ಲಿ ಬೇರೆ ಯಾರದೋ ಹಾಗೆ ಕೇಳುವುದೂ ಇದಕ್ಕೇ. ಮಾತಾಡುವಾಗ ಅದು ಮೂಳೆಯಲ್ಲೂ ಬರುತ್ತದೆ, ಫೋನಿನಿಂದ ಗಾಳಿಯಲ್ಲಿ ಮಾತ್ರ ಬರುತ್ತದೆ.

ಈಗ ನಮ್ಮ ಕಡೆಯ ಪರವಾಗಿ ಸ್ವಲ್ಪ ವಕಾಲತ್ತು. ಹಾಸನ ಜಿಲ್ಲೆಯ ಮಕ್ಕಳು ಕಿವಿಯಿಂದ ವಸ್ತುವನ್ನು ತಿಳಿಯುವ ದೊಡ್ಡವರ ನಡುವೆ ಬೆಳೆಯುತ್ತಾರೆ. ಅಂಗಳದಲ್ಲಿ ಹರವಿದ ಕಾಫಿ ಹಣ್ಣು ಒಣಗಿದೆಯೋ ಇಲ್ಲವೋ ಎಂದು ನೋಡಲು ಒಂದು ಮುಷ್ಟಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಒಣಗಿದೆ. ಅರಸೀಕೆರೆ ಕಡೆ ಅಟ್ಟದ ಮೇಲಿನ ತೆಂಗಿನಕಾಯಿ ಅಲ್ಲಾಡಿಸಿ, ನೀರು ಕುಲುಕುತ್ತಿದೆಯೋ, ಒಣಗಿದ ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಒಳಗೆ ಉರುಳುತ್ತಿದೆಯೋ ಎಂದು ಹೇಳುತ್ತಾರೆ. ಹಲಸಿನ ಹಣ್ಣನ್ನು ತಟ್ಟದೆ ಕೊಯ್ಯುವವರು ಯಾರು? ಇದೆಲ್ಲ ವಸ್ತು ಮಾಡುವ ಶಬ್ದದ ಮಾತಾಯಿತು, ವಸ್ತುವಿನೊಳಗೆ ಸಾಗುವ ಶಬ್ದದ ಮಾತು ಪೂರ್ತಿ ಅಲ್ಲ. ಆದರೆ ಒಳಗೆ ಏನಿದೆ ಅನ್ನುವುದನ್ನು ಕಿವಿ ಹೇಳುತ್ತದೆ ಎಂಬ ನಂಬಿಕೆ ಈ ಮಕ್ಕಳಿಗೆ ಆಗಲೇ ಇದೆ. ರೆಡಿಂಗ್‌ನ ಮಗುವಿಗೆ ಹಣ್ಣಿನ ಮೇಲಿನ ಸ್ಟಿಕ್ಕರ್ ಹೇಳುತ್ತದೆ.

ಆನೆಯ ಮಾತು ಎತ್ತಿದರಂತೂ ಆಲೂರು-ಸಕಲೇಶಪುರದ ಯಾವ ಮಗುವೂ ಆಕಳಿಸುವುದಿಲ್ಲ. ಆನೆ ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ದನಿಯಲ್ಲಿ ಗುಡುಗುಟ್ಟುತ್ತದೆ. ಅದು ಗಾಳಿಯಲ್ಲಿ ಮಾತ್ರವಲ್ಲ, ನೆಲದಲ್ಲೂ ಹರಡುತ್ತದೆ. ನಮೀಬಿಯಾದ ಎಟೋಷಾದಲ್ಲಿ ಕೇಟ್ಲಿನ್ ಒ'ಕಾನೆಲ್ ಅನ್ನುವ ಸಂಶೋಧಕಿ ನೆಲದ ಮೂಲಕವೇ ಆನೆಗಳ ಎಚ್ಚರಿಕೆಯ ಕೂಗನ್ನು ಕಳಿಸಿ ನೋಡಿದರು. ಆನೆಗಳು ಅದಕ್ಕೆ ಸ್ಪಂದಿಸಿದವು. ಶಬ್ದ ಘನವಸ್ತುವಿನಲ್ಲಿ ಸಾಗುತ್ತದೆ ಅನ್ನುವುದಕ್ಕೆ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ? ಆದರೂ ನಾವು ಕೊಡುವುದು ರೈಲು ಹಳಿಗೆ ಕಿವಿ ಇಡುವ ಉದಾಹರಣೆ. ಘಾಟಿಯ ರೈಲು ಓಡಾಡುವ ಸಕಲೇಶಪುರದಲ್ಲಿ ಆ ಉದಾಹರಣೆ ಕೊಡುವ ಟೀಚರ್‌ಗೆ ನಾನು ಕೈಮುಗಿಯುತ್ತೇನೆ. ದಯವಿಟ್ಟು ಬೇಡ. ಒಬ್ಬ ಹುಡುಗ ಅದನ್ನು ನಿಜಕ್ಕೂ ಮಾಡಿ ನೋಡಿದರೆ ಸಾಕು.

ಹಾಗಾದರೆ ಇಂಗ್ಲೆಂಡಿನಿಂದ ಏನು ತರಬೇಕು? ಬಜರ್ ಬೇಡ, ಡಬ್ಬಿ ಬೇಡ. ಊರಿನ ಶಾಲೆಗೆ ಸೈನ್ಸ್ ಕಿಟ್ ಕೊಡಿಸುತ್ತೇವೆ ಎಂದು ಹೊರಗಿನಿಂದ ನಮ್ಮಂಥವರು ಆಗಾಗ ಹೊರಡುತ್ತೇವೆ. ಎಷ್ಟೋ ಕಡೆ ಕಿಟ್ ಹೆಡ್‌ಮಾಸ್ಟರ್ ರೂಮಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತದೆ, ಒಡೆದರೆ ಯಾರು ಲೆಕ್ಕ ಕೊಡುವುದು ಎಂದು. ತರಬೇಕಾದದ್ದು ಮೊದಲು ಊಹೆ ಬರೆಸುವ ಅಭ್ಯಾಸ ಒಂದೇ. ಅದಕ್ಕೆ ಬಿಡಿಗಾಸು ಖರ್ಚಿಲ್ಲ. ಕೋಷ್ಟಕ ನಮ್ಮದೇ ಇರಲಿ, ಆದರೆ ಊಹೆ ಬರೆದು, ಮಾಡಿ ನೋಡಿದ ಮೇಲೆ ಬರಲಿ.

ಅಕ್ಕನಿಗೆ ನಾನು ಹೇಳಿದ್ದು ಬಿಯೋ ಅನ್ನುವ ಫ್ರೆಂಚ್ ವಿಜ್ಞಾನಿಯ ಕೆಲಸ. 1808ರಲ್ಲಿ ಪ್ಯಾರಿಸ್‌ನಲ್ಲಿ ನೀರಿನ ಕಬ್ಬಿಣದ ಪೈಪುಗಳನ್ನು ಸಾಲಾಗಿ ಜೋಡಿಸಿದ್ದರು, ಉದ್ದ 951 ಮೀಟರ್. ಒಂದು ತುದಿಯಲ್ಲಿ ಹೊಡೆದರೆ ಇನ್ನೊಂದು ತುದಿಯಲ್ಲಿ ಎರಡು ಸಲ ಕೇಳುತ್ತಿತ್ತು. ಮೊದಲು ಕಬ್ಬಿಣದಲ್ಲಿ ಬಂದದ್ದು, ಸುಮಾರು 2.5 ಸೆಕೆಂಡ್ ಬಿಟ್ಟು ಗಾಳಿಯಲ್ಲಿ ಬಂದದ್ದು. ನಮಗೆ ಅಷ್ಟು ಉದ್ದ ಬೇಡ. ಒಂದೇ ಸಮನೆ ವೆಲ್ಡ್ ಮಾಡಿದ 60 ಮೀಟರ್ ರೇಲಿಂಗ್ ಸಿಕ್ಕರೆ ಎರಡು ಶಬ್ದದ ನಡುವೆ ಸೆಕೆಂಡಿನ ಆರನೇ ಒಂದು ಭಾಗದಷ್ಟು ಅಂತರ ಬರುತ್ತದೆ. ಕಿವಿಗೆ ಅಷ್ಟು ಸಾಕು.

"ಅಷ್ಟು ಉದ್ದದ ರೇಲಿಂಗ್ ಎಲ್ಲಿಂದ ತರ್ಲೋ?" ಅಂದಳು. ಪಕ್ಕದ ತೋಟದವರ ಹತ್ತಿರ ಸ್ಪ್ರಿಂಕ್ಲರ್‌ನ ಅಲ್ಯೂಮಿನಿಯಂ ಪೈಪುಗಳಿವೆ. ಜೋಡಿಸಿದರೆ ಉದ್ದಕ್ಕೇನೂ ಕೊರತೆಯಿಲ್ಲ, ಆದರೆ ಪ್ರತಿ ಜಾಯಿಂಟಿನಲ್ಲೂ ಒಳಗೆ ರಬ್ಬರ್ ರಿಂಗ್ ಇರುತ್ತದೆ. ಒಂದೇ ಪೈಪಿನ ತುದಿಯಲ್ಲಿ ಗುಂಡುಪಿನ್ನಿನಿಂದ ಗೀಚಿದರೆ ಇನ್ನೊಂದು ತುದಿಯಲ್ಲಿ ಎಷ್ಟು ಕೇಳುತ್ತೆ? ಎರಡು ಪೈಪ್ ಜೋಡಿಸಿದರೆ? ಮೂರು? ಅಕ್ಕ ಇದಕ್ಕೆ ಒಪ್ಪಿದ್ದಾಳೆ. ಗೋಡೆ ಪ್ರಶ್ನೆ ಕೇಳಿದ ಹುಡುಗಿಯ ಕೈಗೇ ಪಿನ್ ಕೊಡುತ್ತಾಳಂತೆ. ತೋಟದವರದು ಒಂದೇ ಷರತ್ತು, ಫೆಬ್ರವರಿಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ನೀರು ಹಾಯಿಸಬೇಕು, ಅಷ್ಟರೊಳಗೆ ಪೈಪ್ ವಾಪಸ್ ಬಂದಿರಬೇಕು.